ಸೋತದ್ದು ಪ್ಯಾರಿಸ್, ಕಣದಲ್ಲಿ ಉಳಿದದ್ದು ಕಾಫಿ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಆಲ್ದೂರು, ಕಳಸದ ಕಡೆಯ ಹಿರಿಯ ಕಾಫಿ ಬೆಳೆಗಾರರನ್ನು ಮಾತಿಗೆಳೆದರೆ ‘ಪೂಲ್’ ಕಾಲದ ವಿಚಾರ ಬಾರದೆ ಇರುವುದಿಲ್ಲ. ತಾನೇ ಗಿಡ ನೆಟ್ಟು, ತಾನೇ ಹಣ್ಣು ಕುಯ್ಯಿಸಿ, ತನ್ನ ಕಣದಲ್ಲೇ ಒಣಗಿಸಿದ ಕಾಫಿಯನ್ನು ಬೆಳೆಗಾರ ತನಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಮನೆಖರ್ಚಿಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕು. ಹಾಕಿದಾಗ ಮುಂಗಡವೆಂದು ಒಂದಷ್ಟು ಹಣ, ಆಮೇಲೆ ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಉಳಿದದ್ದು. ಕೊನೆಯ ಕಂತು ಕೈಸೇರುವ ಹೊತ್ತಿಗೆ ಗಿಡಗಳು ಇನ್ನೊಂದು ಫಸಲು ಕೊಟ್ಟು ಮತ್ತೆ ಹೂವಾಗಿರುತ್ತಿದ್ದವು. ಬೋರ್ಡನ್ನು ಬಿಟ್ಟು ಹೊರಗೆ ಮಾರಿದರೆ ಅದು ಅಪರಾಧ, ಆ ಸರಕಿಗೆ ‘ಕಳ್ಳ ಕಾಫಿ’ ಎಂಬ ಹೆಸರು.

ಇಂಥ ಕಟ್ಟಳೆ ಯಾಕೆ ಬಂತು, ಯಾವಾಗ ಬಂತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಸ್ವತಂತ್ರ ಭಾರತದ ಸಮಾಜವಾದ, ಲೈಸೆನ್ಸ್ ರಾಜ್ಯ. ಅದು ತಪ್ಪು ಉತ್ತರ. ಪೂಲ್ ಹುಟ್ಟಿದ್ದು ಸ್ವಾತಂತ್ರ್ಯಕ್ಕೂ ಮುಂಚೆ, ಎರಡನೇ ಮಹಾಯುದ್ಧದ ನಡುವೆ. ಅದರ ಬೇರು ಹುಡುಕಿಕೊಂಡು ಹೋದರೆ ನಾವು ತಲುಪುವುದು 1940ರ ಬೇಸಗೆಯಲ್ಲಿ ಹಿಟ್ಲರನ ಸೈನ್ಯ ನಾರ್ವೆ, ಬೆಲ್ಜಿಯಂ, ಫ್ರಾನ್ಸ್‌ಗಳನ್ನು ಒಂದರ ಹಿಂದೊಂದು ನುಂಗಿದ ಆ ಕೆಲವು ವಾರಗಳಿಗೆ.

ಯುದ್ಧದ ಇತಿಹಾಸ ಬರೆದವರು ನಿರ್ಣಾಯಕ ಘಟ್ಟಗಳೆಂದು ಗುರುತಿಸುವ ಹೆಸರುಗಳು ನಮಗೆಲ್ಲ ಗೊತ್ತು: ಮಿಡ್‌ವೇ, ಎಲ್ ಅಲಮೇನ್, ಸ್ಟಾಲಿನ್‌ಗ್ರಾಡ್, ನಾರ್ಮಂಡಿ. ಮೂಡಿಗೆರೆಯ ತಮ್ಮ ಕಾಫಿ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಮಿಲೇನಿಯಂ ಸರಣಿಯಲ್ಲಿ ‘ಮಹಾಯುದ್ಧ’ದ ಸಂಪುಟಗಳನ್ನು ತಂದಾಗ ಕನ್ನಡದ ಎಷ್ಟೋ ಹುಡುಗ ಹುಡುಗಿಯರು ಆ ಯುದ್ಧವನ್ನು ಮೊದಲ ಸಲ ಕಣ್ಣಿಗೆ ಕಟ್ಟುವಂತೆ ಓದಿದರು. ಆದರೆ ಆ ತೋಟವಿದ್ದ ಮಲೆನಾಡಿನ ಮಟ್ಟಿಗೆ ಯುದ್ಧದ ತಿರುವುಗಳ ಪಟ್ಟಿಯೇ ಬೇರೆ. ಇಲ್ಲಿ ಒಂದು ಗುಂಡೂ ಬೀಳಲಿಲ್ಲ. ಹಾಗಿದ್ದೂ ಸಾವಿರಾರು ಮೈಲಿ ಆಚೆಯ ಸೋಲು ಗೆಲುವುಗಳು ಇಲ್ಲಿಯ ಕಣ, ಅನ್ನದ ತಟ್ಟೆ, ಜ್ವರದ ಹಾಸಿಗೆಗಳವರೆಗೂ ಬಂದವು.

ಆಗ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರು. ಆಡಳಿತದ ಕೇಂದ್ರ ಚಿಕ್ಕಮಗಳೂರೇ ಆದರೂ ಹೆಸರು ಬದಲಾದದ್ದು 1947ರಲ್ಲಿ. ನವೆಂಬರಿನಿಂದ ಅರೇಬಿಕಾ ಹಣ್ಣಿನ ಕುಯ್ಲು. ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣಿನ ಸಮೇತ ಒಣಗಿಸಿದರೆ ಚೆರಿ. ಮೂಟೆಗಳು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಸೇರುತ್ತಿದ್ದವು. ಅಲ್ಲಿ ಹೊಟ್ಟು ಬಿಡಿಸಿ, ಗಾತ್ರ ನೋಡಿ, ನೂರಾರು ಹೆಂಗಸರು ಕೈಯಲ್ಲಿ ಕಪ್ಪು ಕಾಳು ಆರಿಸಿ ತೆಗೆದು, ಮತ್ತೆ ಮೂಟೆ ಕಟ್ಟಿದ ಮೇಲೆ ಹಡಗು. ಮಂಗಳೂರಿನದು ಆಗ ದೊಡ್ಡ ಹಡಗು ದಡಕ್ಕೆ ಬಂದು ನಿಲ್ಲುವ ಬಂದರಲ್ಲ. ಹಡಗು ದೂರದಲ್ಲಿ ಲಂಗರು ಹಾಕಬೇಕು, ಸರಕು ದೋಣಿಯಲ್ಲಿ ಹೋಗಬೇಕು. ಮಳೆಗಾಲ ಶುರುವಾಯಿತೆಂದರೆ ಆ ಕೆಲಸವೂ ನಿಂತಿತು. ಹಾಗಾಗಿ ಕುಯ್ಲು ಮುಗಿದು ಮುಂಗಾರು ಹಿಡಿಯುವುದರೊಳಗಿನ ನಾಲ್ಕೈದು ತಿಂಗಳೇ ಕಾಫಿಯ ವ್ಯಾಪಾರದ ಜೀವಾಳ.

ಬೆಳೆಯ ಸುಮಾರು ಅರ್ಧ ಭಾಗ ಹೊರದೇಶಕ್ಕೆ ಹೋಗುತ್ತಿತ್ತು. ಇಂಗ್ಲೆಂಡ್ ಒಂದೇ ಗಿರಾಕಿಯಲ್ಲ. ಫ್ರಾನ್ಸ್, ನಾರ್ವೆ, ಬೆಲ್ಜಿಯಂ, ಹಾಲೆಂಡ್, ಜರ್ಮನಿಗಳಲ್ಲೂ ‘ಮೈಸೂರು ಕಾಫಿ’ಗೆ ಬೆಲೆಯಿತ್ತು. ಒಳನಾಡಿನಲ್ಲಿ ಕಾಫಿ ಕುಡಿಯುವವರೆಂದರೆ ನಾವು, ತಮಿಳರು, ಒಟ್ಟಿನಲ್ಲಿ ದಕ್ಷಿಣದವರು. ವಿಂಧ್ಯದ ಆಚೆ ಚಹಾದ್ದೇ ರಾಜ್ಯ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಲೆ ನೆಲ ಕಚ್ಚಿದಾಗ ಸರ್ಕಾರ 1935ರಲ್ಲಿ ಕಾಫಿ ಸೆಸ್ ಸಮಿತಿ ಮಾಡಿ, ಪ್ರಚಾರಕ್ಕೆಂದು ಮುಂಬಯಿಯಂಥ ಕಡೆ ಕಾಫಿ ಹೌಸ್ ತೆರೆಸಿತು. ಬೆಳೆಗಾರರು ಸ್ವಲ್ಪ ಉಸಿರಾಡುವ ಹೊತ್ತಿಗೆ, 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ಬಿತ್ತು.

ಮೊದಲ ಏಳು ತಿಂಗಳು ಪಶ್ಚಿಮದಲ್ಲಿ ಯುದ್ಧ ಹೆಸರಿಗಷ್ಟೇ ಇತ್ತು. ಜರ್ಮನಿಯ ಗಿರಾಕಿ ತಪ್ಪಿದನೆಂಬುದು ಬಿಟ್ಟರೆ ಆ ವರ್ಷದ ಕುಯ್ಲು ಎಂದಿನಂತೆ ನಡೆದು ಮೂಟೆಗಳು ಘಟ್ಟ ಇಳಿದವು. ಏಪ್ರಿಲ್ ಎಂದರೆ ಮಲೆನಾಡಿನಲ್ಲಿ ಹೂಮಳೆಯ ತಿಂಗಳು. ತೋಟಗಳಲ್ಲಿ ಮುಂದಿನ ಫಸಲಿನ ಹೂವು ಕಚ್ಚುವ ಆ ದಿನಗಳಲ್ಲೇ, 9ನೇ ತಾರೀಕು, ಜರ್ಮನ್ ಪಡೆಗಳು ಡೆನ್ಮಾರ್ಕನ್ನು ಒಂದೇ ದಿನದಲ್ಲಿ ವಶಮಾಡಿಕೊಂಡು ನಾರ್ವೆಯ ಬಂದರುಗಳಿಗೆ ಇಳಿದವು. ಹಿಟ್ಲರನಿಗೆ ಬೇಕಾಗಿದ್ದದ್ದು ನಾರ್ವಿಕ್ ಬಂದರಿನ ಮೂಲಕ ಬರುತ್ತಿದ್ದ ಸ್ವೀಡನ್ನಿನ ಕಬ್ಬಿಣದ ಅದಿರು ಮತ್ತು ಉತ್ತರ ಸಮುದ್ರಕ್ಕೆ ಒಂದು ಬಾಗಿಲು. ಕಾಫಿಯ ಒಬ್ಬ ಒಳ್ಳೆಯ ಗಿರಾಕಿ ಅಲ್ಲಿಗೆ ಹೋದ.

ಮೇ 10ರಂದು ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್‌ಗಳ ಸರದಿ. ಫ್ರಾನ್ಸಿನ ಸೋಲನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನಮ್ಮ ಕಥೆಗೆ ಅದೇ ತಿರುಗಣೆ. ಫ್ರೆಂಚ್ ಸೈನ್ಯ ಬಡ ಸೈನ್ಯವೇನಲ್ಲ. ಅದರ ಟ್ಯಾಂಕುಗಳು ಜರ್ಮನಿಗಿಂತ ಕಡಿಮೆಯಿರಲಿಲ್ಲ. ಶತ್ರು ಹಿಂದಿನ ಸಲದಂತೆ ಬೆಲ್ಜಿಯಂ ಬಯಲಿನಿಂದಲೇ ಬರುತ್ತಾನೆಂದು ನಂಬಿ ಫ್ರಾನ್ಸ್ ಮತ್ತು ಬ್ರಿಟನ್ ತಮ್ಮ ಉತ್ತಮ ಪಡೆಗಳನ್ನು ಅಲ್ಲಿಗೆ ನುಗ್ಗಿಸಿದವು. ಜರ್ಮನ್ ಟ್ಯಾಂಕ್ ಪಡೆಗಳ ಮುಖ್ಯ ಏಟು ಬಂದದ್ದು ದಟ್ಟ ಕಾಡಿನ ಆರ್ಡೆನ್ಸ್ ಗುಡ್ಡಗಳ ನಡುವಿನಿಂದ. ಮೇ 13ರಂದು ಸೆಡಾನ್ ಬಳಿ ಮ್ಯೂಸ್ ನದಿ ದಾಟಿದ ಅವು ಒಂದು ವಾರದಲ್ಲಿ ಸಮುದ್ರ ಮುಟ್ಟಿ, ಉತ್ತರಕ್ಕೆ ಹೋದ ಮಿತ್ರಪಡೆಗಳ ಬೆನ್ನಿಗೆ ಗೋಡೆ ಕಟ್ಟಿದವು. ಡಂಕರ್ಕ್ ಕಡಲತೀರದಿಂದ ಮೂರು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಹಡಗು, ದೋಣಿ ಹತ್ತಿ ಪಾರಾದರು. ಜೂನ್ 14ಕ್ಕೆ ಪ್ಯಾರಿಸ್ ಬಿತ್ತು, 22ಕ್ಕೆ ಫ್ರಾನ್ಸ್ ಕದನವಿರಾಮಕ್ಕೆ ಸಹಿ ಹಾಕಿತು. ನಾಲ್ಕು ವರ್ಷ ಹೊಡೆದಾಡಿಯೂ ಮೊದಲ ಮಹಾಯುದ್ಧದಲ್ಲಿ ಆಗದ್ದು ಆರು ವಾರದಲ್ಲಿ ಆಗಿಹೋಗಿತ್ತು.

ಇದರ ನಡುವೆ, ಜೂನ್ 10ರಂದು, ಇಟಲಿ ಯುದ್ಧಕ್ಕಿಳಿಯಿತು. ಸೂಯೆಜ್ ಕಾಲುವೆ ದಾಟಿ ಮೆಡಿಟರೇನಿಯನ್ ಮೂಲಕ ಹೋಗುತ್ತಿದ್ದ ವ್ಯಾಪಾರಿ ಹಡಗುಗಳು ಇಡೀ ಆಫ್ರಿಕಾವನ್ನು ಸುತ್ತಿಕೊಂಡು ಹೋಗಬೇಕಾಯಿತು. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಸಬ್‌ಮರೀನುಗಳ ಕಾಟ. ಇದ್ದಬದ್ದ ಹಡಗಿನ ಜಾಗವೆಲ್ಲ ಗೋಧಿ, ಮಾಂಸ, ಮದ್ದುಗುಂಡು, ಎಣ್ಣೆಗೆ ಮೀಸಲಾಯಿತು. ಕಾಫಿ ಇಲ್ಲದೆ ಯಾರೂ ಸಾಯುವುದಿಲ್ಲವೆಂಬುದು ಲಂಡನ್ನಿನ ಲೆಕ್ಕ. ಅತ್ತ ಓಸ್ಲೋ, ಬ್ರಸೆಲ್ಸ್, ಪ್ಯಾರಿಸ್‌ಗಳಲ್ಲಿ ಜನ ಚಿಕೋರಿ ಮತ್ತು ಹುರಿದ ಬಾರ್ಲಿಯ ಕಷಾಯ ಕುಡಿದು ಕಾಫಿಯ ನೆನಪು ಮಾಡಿಕೊಳ್ಳುತ್ತಿದ್ದರು. ಇತ್ತ ಅವರಿಗೆ ಸೇರಬೇಕಾದ ಕಾಫಿಯನ್ನು ಕೇಳುವವರಿಲ್ಲ. ಯುದ್ಧವೆಂಬುದು ಬೆಳೆದವನನ್ನೂ ಕುಡಿಯುವವನನ್ನೂ ಏಕಕಾಲಕ್ಕೆ ಬಡವಾಗಿಸುವ ಬಗೆಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ರಾಗಿ, ಭತ್ತದ ರೈತ ಒಂದು ವರ್ಷ ಬೆಲೆ ಬೀಳುತ್ತದೆಂದರೆ ಬೇರೆ ಬಿತ್ತಬಹುದು. ಕಾಫಿಯಲ್ಲಿ ಅದು ಆಗದು. ನೆಟ್ಟು ನಾಲ್ಕೈದು ವರ್ಷಕ್ಕೆ ಫಸಲಿಗೆ ಬರುವ ಗಿಡ, ಮುಂದೆ ಹಲವು ದಶಕ ಕೊಡುವ ಗಿಡ. ಮಾರುಕಟ್ಟೆ ಇಲ್ಲವೆಂದು ಹಣ್ಣು ಬಿಡಿಸದೆ ಬಿಟ್ಟರೆ ಗಿಡ ಸೊರಗುತ್ತದೆ. ನೆರಳು ಸವರುವುದು, ಕಳೆ, ಗೊಬ್ಬರ, ಆಳುಗಳ ಕೂಲಿ ಯಾವುದನ್ನೂ ನಿಲ್ಲಿಸುವಂತಿಲ್ಲ. 1940ರ ಮಳೆಗಾಲದಲ್ಲಿ ಬೆಳೆಗಾರರ ಮುಂದಿದ್ದದ್ದು ಇದು: ಡಿಸೆಂಬರಿನಲ್ಲಿ ಹಣ್ಣಾಗುವ ಫಸಲು ಗಿಡದ ಮೇಲಿದೆ, ಕೊಳ್ಳುವ ದೇಶಗಳು ನಕಾಶೆಯ ಮೇಲೆ ಇಲ್ಲ. ಎಲ್ಲರೂ ಒಟ್ಟಿಗೆ ಒಳನಾಡಿನ ಸಣ್ಣ ಮಾರುಕಟ್ಟೆಗೆ ಸುರಿದರೆ ಬೆಲೆ ಏನಾದೀತೆಂಬುದು ಬಿಳಿ ಪ್ಲಾಂಟರುಗಳಿಗೂ ಗೊತ್ತಿತ್ತು, ನಾಲ್ಕೆಕರೆಯ ಗೌಡರಿಗೂ ಗೊತ್ತಿತ್ತು.

ಆ ವರ್ಷದ ಕೊನೆಗೆ ಭಾರತ ಸರ್ಕಾರ ಕಾಫಿ ಮಾರುಕಟ್ಟೆ ವಿಸ್ತರಣಾ ಸುಗ್ರೀವಾಜ್ಞೆ ಹೊರಡಿಸಿತು. 1942ರಲ್ಲಿ ಅದೇ ಕಾಯಿದೆಯಾಯಿತು. ಮೊದಲು ಪ್ರತಿ ತೋಟಕ್ಕೂ ಒಳನಾಡಿನಲ್ಲಿ ಇಷ್ಟು ಮಾರಬಹುದೆಂಬ ಕೋಟಾ, ಮಿಕ್ಕ ಕಾಫಿಗೆ ಪೂಲ್. ಯುದ್ಧ ಮುಗಿಯುವ ಮೊದಲೇ ಇಡೀ ಬೆಳೆ ಪೂಲ್‌ಗೆ ಸೇರಬೇಕೆಂಬ ನಿಯಮ ಬಂತು. ಎಲ್ಲರ ಕಾಫಿಯನ್ನೂ ಬೋರ್ಡು ಒಟ್ಟಿಗೆ ಮಾರುತ್ತಿತ್ತು. ಪ್ಲಾಂಟೇಷನ್ ಎ, ಪೀಬೆರಿ, ಚೆರಿ ಹೀಗೆ ಒಂದೊಂದು ದರ್ಜೆಗೂ ಇಂತಿಷ್ಟು ಪಾಯಿಂಟ್. ಬಂದ ಹಣದಲ್ಲಿ ಖರ್ಚು ಕಳೆದು ಒಟ್ಟು ಪಾಯಿಂಟಿಗೆ ಭಾಗಿಸಿ ಹಂಚುತ್ತಿತ್ತು. ಯಾರ ಮೂಟೆ ಯಾವ ಪೇಟೆಗೆ ಹೋಯಿತೆಂಬುದು ಮುಖ್ಯವಾಗಿರಲಿಲ್ಲ, ಎಲ್ಲರಿಗೂ ಒಂದೇ ದರ. ಇದು ನಮ್ಮಲ್ಲಷ್ಟೇ ಆದದ್ದಲ್ಲ. ಅದೇ 1940ರ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕ ಮತ್ತು ಬ್ರೆಜಿಲ್, ಕೊಲಂಬಿಯಾ ಮೊದಲಾದ ದೇಶಗಳು ಕಾಫಿ ಕೋಟಾದ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿಯೂ ಕಾರಣ ಒಂದೇ, ಯುರೋಪಿನ ಬಾಗಿಲು ಮುಚ್ಚಿದ್ದು. ಸೆಡಾನ್ ಬಳಿ ನದಿ ದಾಟಿದ ಟ್ಯಾಂಕುಗಳು ಬ್ರೆಜಿಲ್‌ನ ಗುಡ್ಡಕ್ಕೂ ಬಾಬಾಬುಡನ್‌ಗಿರಿಗೂ ಒಂದೇ ಬಗೆಯ ಕಾನೂನು ತಂದವು.

ಎರಡನೇ ಏಟು ಪೂರ್ವದಿಂದ ಬಂತು, ಅದು ಇನ್ನೂ ಹತ್ತಿರದ್ದು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಬಿದ್ದ ಜಪಾನ್ ಅದೇ ಹೊತ್ತಿಗೆ ಮಲಯಾಕ್ಕೂ ಇಳಿದು 1942ರ ಫೆಬ್ರವರಿ 15ಕ್ಕೆ ಸಿಂಗಪುರ, ಮಾರ್ಚ್ 8ಕ್ಕೆ ರಂಗೂನ್ ಹಿಡಿಯಿತು. ಅದೇ ವಾರ ಜಾವಾದ ಡಚ್ಚರು ಶರಣಾದರು. ಸಿಂಗಪುರದಲ್ಲಿ ಸೆರೆಯಾದವರಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳದವರೂ ಇದ್ದರು. ಮಲಯಾದ ಜೊತೆ ರಬ್ಬರು ಹೋಯಿತು, ಟಯರು ಹೋಯಿತು. ಪೆಟ್ರೋಲಿಗೆ ರೇಷನ್. ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡ ಬಸ್ಸುಗಳು ಘಾಟಿಯ ತಿರುವುಗಳಲ್ಲಿ ಏದುಸಿರು ಬಿಡುತ್ತ ಹತ್ತುತ್ತಿದ್ದ ಕಾಲ ಅದು.

ಬರ್ಮಾ ಕೈತಪ್ಪಿದ್ದು ನೇರವಾಗಿ ಊಟಕ್ಕೆ ಕೈಹಾಕಿತು. ವರ್ಷಕ್ಕೆ ಹತ್ತು ಹದಿನೈದು ಲಕ್ಷ ಟನ್ ಅಕ್ಕಿ ಬರುತ್ತಿದ್ದ ದಾರಿ ಮುಚ್ಚಿತು. ದೇಶದ ಒಟ್ಟು ಬಳಕೆಯಲ್ಲಿ ಅದು ಸಣ್ಣ ಪಾಲೇ. ಆದರೆ ಕರಾವಳಿಯಂಥ, ತೋಟಗಳಂಥ ಕೊಂಡು ತಿನ್ನುವ ಪ್ರದೇಶಗಳ ಪಾಲಿಗೆ ಅದೇ ದೊಡ್ಡದು. ಬಂಗಾಳದಲ್ಲಿ 1943ರಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು, ಅದಕ್ಕೆ ಅಕ್ಕಿಯ ಕೊರತೆಯಷ್ಟೇ ಸರ್ಕಾರದ ಕಲ್ಲೆದೆಯೂ ಕಾರಣ. ನಮ್ಮಲ್ಲಿ ಲೆವಿ ಭತ್ತ, ರೇಷನ್ ಚೀಟಿ ಬಂದವು. ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಮುಂಗಡ ಪಡೆದು ಕುಯ್ಲಿಗೆ ಬರುತ್ತಿದ್ದ ಆಳುಗಳಿಗೆ ಕೂಲಿಗಿಂತ ಅಕ್ಕಿಯೇ ಮುಖ್ಯ. ಅಕ್ಕಿ ಇಲ್ಲದ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಯಾರು ನಿಲ್ಲುತ್ತಾರೆ?

ಇನ್ನು ಚಳಿಜ್ವರ. ಮಲೆನಾಡಿನ ಇತಿಹಾಸವನ್ನು ಮಲೇರಿಯಾ ಬಿಟ್ಟು ಬರೆಯಲಾಗದು. ಊರಿಗೆ ಊರೇ ಖಾಲಿಯಾಗಲು, ಆಳುಗಳು ಘಟ್ಟ ಹತ್ತಲು ಹೆದರಲು ಅದೇ ಕಾರಣ. ಗುಡ್ಡದ ತೊರೆಗಳ ತಿಳಿನೀರಿನ ಅಂಚಿನಲ್ಲಿ ಹುಟ್ಟುವ ಸೊಳ್ಳೆಯೇ ಇಲ್ಲಿ ರೋಗ ಹರಡುತ್ತಿತ್ತು. 1930ರ ಆಸುಪಾಸಿನಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಕೇಂದ್ರಗಳನ್ನು ತೆರೆದಾಗ ಆರಿಸಿಕೊಂಡ ಕೆಲವೇ ಜಾಗಗಳಲ್ಲಿ ಮೂಡಿಗೆರೆ ಒಂದು. ಇದ್ದ ಮದ್ದು ಕ್ವಿನೈನ್. ಕ್ವಿನೈನ್ ತೆಗೆಯುವ ಸಿಂಕೋನಾ ತೊಗಟೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬರುತ್ತಿದ್ದದ್ದು ಜಾವಾದಿಂದ. ಜಾವಾ ಬಿದ್ದ ದಿನ ಮೂಡಿಗೆರೆಯ ಔಷಧಿಯ ಕಪಾಟು ಅರ್ಧ ಬರಿದಾಯಿತೆಂದೇ ತಿಳಿಯಬೇಕು. ನೀಲಗಿರಿ ಮತ್ತು ಡಾರ್ಜಿಲಿಂಗ್ ಕಡೆಯ ಸರ್ಕಾರಿ ಸಿಂಕೋನಾ ತೋಟಗಳಿಂದ ಬಂದದ್ದರಲ್ಲಿ ಮೊದಲ ಪಾಲು ಸೈನ್ಯಕ್ಕೆ. ನನ್ನ ಮಟ್ಟಿಗೆ ಮಲೆನಾಡಿನ ಬಡವರ ಯುದ್ಧವೆಂದರೆ ಇದೇ. ಪೂಲ್‌ನ ಚರ್ಚೆಯಲ್ಲಿ ತೋಟದ ಮಾಲೀಕರ ಕಷ್ಟ ದಾಖಲಾಗಿದೆ, ಲೈನಿನಲ್ಲಿ ಕ್ವಿನೈನ್ ಸಿಗದೆ ನಡುಗಿದವರ ಲೆಕ್ಕ ಇಟ್ಟವರು ಕಡಿಮೆ.

1942ರ ಏಪ್ರಿಲ್‌ನಲ್ಲಿ ಯುದ್ಧ ನಮ್ಮ ಕಡಲಿಗೇ ಬಂತು. 5ರಂದು ಕೊಲಂಬೊ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡ, 9ರಂದು ಟ್ರಿಂಕೋಮಲಿಯ ಮೇಲೆ ಜಪಾನಿ ಬಾಂಬು. ಮದ್ರಾಸಿನಿಂದ ಜನ ಗಂಟುಮೂಟೆ ಕಟ್ಟಿ ಹೊರಟರು. ಬ್ರಿಟಿಷ್ ನೌಕಾಪಡೆ ಆಫ್ರಿಕಾದ ಕಡೆಗೆ ಹಿಮ್ಮೆಟ್ಟಿತು. ಆ ಕ್ಷಣದಲ್ಲಿ ಮಂಗಳೂರಿನ ಕಡಲಿಗೂ ಜಪಾನಿಗೂ ನಡುವೆ ದೊಡ್ಡ ಅಡ್ಡಿ ಏನೂ ಇರಲಿಲ್ಲ. ಎರಡು ತಿಂಗಳ ನಂತರ, ಜೂನ್ ಮೊದಲ ವಾರ, ಪೆಸಿಫಿಕ್ ಸಾಗರದ ಮಿಡ್‌ವೇ ಬಳಿ ಅಮೆರಿಕದ ವಿಮಾನಗಳು ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳನ್ನು ಮುಳುಗಿಸಿದವು. ಅವುಗಳಲ್ಲಿ ಅಕಾಗಿ, ಸೋರ್ಯು, ಹಿರ್ಯು ಎಂಬ ಮೂರು ಏಪ್ರಿಲ್‌ನಲ್ಲಿ ಕೊಲಂಬೊ ಮೇಲೆ ಬಂದಿದ್ದ ಹಡಗುಗಳೇ. ಮತ್ತೆ ಜಪಾನಿನ ಅಂಥ ದಂಡು ಹಿಂದೂ ಮಹಾಸಾಗರಕ್ಕೆ ಬರಲಿಲ್ಲ. ಮಿಡ್‌ವೇ ನಮ್ಮ ಪಶ್ಚಿಮ ಕರಾವಳಿಯನ್ನೂ ಉಳಿಸಿದ ಯುದ್ಧವೆಂದು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು.

ಬರ್ಮಾವನ್ನು ಮರಳಿ ಪಡೆಯುವ ಸಿದ್ಧತೆಯಲ್ಲಿ ಮಲೆನಾಡಿನ ಕಾಡೂ ಪಾಲುಗೊಂಡಿತು. ಶಿವಮೊಗ್ಗದಲ್ಲಿ ಸೈನ್ಯದ ಕಾಡುಯುದ್ಧ ತರಬೇತಿ ಶಾಲೆಯಿತ್ತು. ನಮ್ಮದೇ ಜಿಲ್ಲೆಯ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ಹೋಗಿ ಕಬ್ಬಿಣವಾಗುತ್ತಿತ್ತು. ಬ್ರಿಟಿಷ್ ಜನರಲ್ ಸ್ಲಿಮ್ ಬರ್ಮಾ ರಂಗದ 14ನೇ ಸೈನ್ಯದ ಹೊಣೆ ಹೊತ್ತಾಗ ಅವನ ದೊಡ್ಡ ಶತ್ರು ಜಪಾನಿಯಲ್ಲ, ರೋಗ: 1943ರಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಒಬ್ಬನಿಗೆ ಕಾಯಿಲೆಬಿದ್ದು ಬಂದವರು 120 ಮಂದಿ. ಕ್ವಿನೈನ್ ಬದಲು ಮೆಪಕ್ರಿನ್ ಮಾತ್ರೆ ಬಂತು. ಸೈನಿಕರು ಅದನ್ನು ನುಂಗದಿದ್ದರೆ ಅಧಿಕಾರಿಯನ್ನೇ ತೆಗೆದುಹಾಕುತ್ತೇನೆಂದು ಸ್ಲಿಮ್ ಹೇಳಿದ, ಕೆಲವರನ್ನು ತೆಗೆದೂ ಹಾಕಿದ. 1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಜಪಾನ್ ಮುರಿಯಿತು. 1945ರ ಜನವರಿಯಲ್ಲಿ ಬರ್ಮಾದ ಅರಾಕಾನಿನ ಕಂಗಾವ್‌ನ ಘೋರ ಕದನದಲ್ಲಿ ಒಂದು ದಳದ ಮುಂದಾಳು ಪಕ್ಕದ ಕಾಫಿ ನಾಡು ಕೊಡಗಿನ ಕೆ.ಎಸ್. ತಿಮ್ಮಯ್ಯ. ಯುದ್ಧಕಾಲದಲ್ಲಿ ಸೈನ್ಯ ಬಳಸಿ ನೋಡಿದ ಡಿಡಿಟಿಯನ್ನು 1946ರ ಹೊತ್ತಿಗೆ ಮಲೇರಿಯಾ ತಜ್ಞ ಡಾ. ವಿಶ್ವನಾಥನ್ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಗೋಡೆಗೆ ಸಿಂಪಡಿಸಿ ಮಲೇರಿಯಾ ಇಳಿಸಿದರು. ಮಲೆನಾಡಿಗೆ ಮತ್ತೆ ಜನ ಬಂದು ನೆಲೆಯೂರಲು, ತೋಟಗಳು ಹಬ್ಬಲು ದಾರಿಯಾದದ್ದು ಹೀಗೆ. ಆ ವಿಷ ಮುಂದೆ ಮಾಡಿದ ಹಾನಿ ಬೇರೆ ಮಾತು.

ಈ ನಡುವೆ ಕಾಫಿಗೆ ಏನಾಯಿತು? ಕೊಳ್ಳುವವರಿಲ್ಲದ ಸರಕಿಗೆ ಒಳನಾಡಿನಲ್ಲೇ ಕುಡಿಯುವವರನ್ನು ಹುಡುಕಲು ಬೋರ್ಡು ಹೊರಟಿತು. ಕಲ್ಕತ್ತದ ಕಾಲೇಜ್ ಸ್ಟ್ರೀಟಿನ ಆಲ್ಬರ್ಟ್ ಹಾಲಿನಲ್ಲಿ ಕಾಫಿ ಹೌಸ್ ಶುರುವಾದದ್ದು 1942ರಲ್ಲಿ. ಬಂಗಾಳದ ಕವಿಗಳು, ಚಿತ್ರ ನಿರ್ದೇಶಕರು ಆ ಮೇಜುಗಳಲ್ಲಿ ಗಂಟೆಗಟ್ಟಲೆ ಕೂತು ಹರಟಿದ್ದು ಪ್ರಸಿದ್ಧ. ನಾರ್ವೆಗೆ ಹೋಗಲಾರದ ದಕ್ಷಿಣದ ಕಾಫಿ ಅಲ್ಲಿ ಲೋಟಕ್ಕಿಳಿದಿತ್ತು ಎಂಬುದನ್ನು ಹೇಳುವವರಿಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವೂ ಯುದ್ಧದ ವರ್ಷಗಳಲ್ಲಿ ಸುಮ್ಮನಿರಲಿಲ್ಲ. ಎಲೆ ತುಕ್ಕು ರೋಗವನ್ನು ತಡೆಯುವ, ರುಚಿಯೂ ಇರುವ ಎಸ್. 795 ತಳಿ 1945-46ರಲ್ಲಿ ಬೆಳೆಗಾರರ ಕೈಗೆ ಬಂತು. ಇಂದಿಗೂ ನಮ್ಮ ಅರೇಬಿಕಾ ತೋಟಗಳ ಆಧಾರ ಅದೇ.

ಯುದ್ಧ ಮುಗಿಯಿತು, ಪ್ಯಾರಿಸ್ಸೂ ಓಸ್ಲೋವೂ ಬಿಡುಗಡೆಯಾದವು. ಪೂಲ್ ಮಾತ್ರ ಉಳಿಯಿತು. ಅದರಿಂದ ಒಳ್ಳೆಯದೇ ಆಗಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನಿಶ್ಚಿತ ಮಾರಾಟದ ಭರವಸೆಯಲ್ಲಿ ಸಣ್ಣವರು ಧೈರ್ಯವಾಗಿ ಕಾಫಿ ಹಾಕಿದರು. 1950-51ರಲ್ಲಿ ಸುಮಾರು 19,000 ಟನ್ ಇದ್ದ ದೇಶದ ಬೆಳೆ 1990-91ಕ್ಕೆ ಸುಮಾರು 1 ಲಕ್ಷ 70 ಸಾವಿರ ಟನ್ ಮುಟ್ಟಿತು. ಅದನ್ನು ಕೊಳ್ಳಲು ಇನ್ನೊಬ್ಬ ದೊಡ್ಡ ಗಿರಾಕಿಯೂ ಸಿಕ್ಕಿದ. ಸ್ಟಾಲಿನ್‌ಗ್ರಾಡಿನಲ್ಲಿ 1943ರ ಫೆಬ್ರವರಿಯಲ್ಲಿ ಜರ್ಮನ್ ಸೈನ್ಯವನ್ನು ಮಣಿಸಿದ ಸೋವಿಯತ್ ಒಕ್ಕೂಟ ಯುದ್ಧದ ನಂತರ ಮಹಾಶಕ್ತಿಯಾಯಿತು, ಭಾರತದ ಜೊತೆ ರೂಪಾಯಿ ವ್ಯಾಪಾರದ ಒಪ್ಪಂದ ಮಾಡಿಕೊಂಡಿತು, ನಮ್ಮ ಕಾಫಿಯನ್ನು ಹಡಗುಗಟ್ಟಲೆ ಕೊಂಡಿತು. ಯುದ್ಧದ ಅತಿ ದೊಡ್ಡ ತಿರುವು ನಮ್ಮ ಗುಡ್ಡಗಳಿಗೆ ತಲುಪಿದ್ದು ಹೀಗೆ, ಹಲವು ವರ್ಷ ತಡವಾಗಿ.

ಯಾವ ದೇಶ ಎಷ್ಟು ಮಾರಬೇಕೆಂದು ಗೊತ್ತುಪಡಿಸುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಕೋಟಾ 1989ರಲ್ಲಿ ಮುರಿದುಬಿತ್ತು, 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಬೆಳೆಗಾರರ ಒತ್ತಾಯಕ್ಕೆ 1992ರಿಂದ ಸರ್ಕಾರ ಪೂಲ್‌ನ ಒಂದೊಂದೇ ಗಂಟು ಸಡಿಲಿಸಿ 1996ರಲ್ಲಿ ಅದನ್ನು ಪೂರ್ತಿ ಕೈಬಿಟ್ಟಿತು. ನನ್ನ ಅಭಿಪ್ರಾಯ ಸ್ಪಷ್ಟ: 1940ರಲ್ಲಿ ಪೂಲ್ ಇಲ್ಲದಿದ್ದರೆ ಕಾಫಿ ನಾಡು ಮುಳುಗುತ್ತಿತ್ತು, ಆಪತ್ಕಾಲದ ಆ ಕಟ್ಟಳೆಯನ್ನು ಶಾಂತಿಯ ಐದು ದಶಕ ಎಳೆದದ್ದು ಬೆಳೆಗಾರನಿಗೆ ಮಾಡಿದ ಅನ್ಯಾಯ.

ಹಳೆಯ ತೋಟದ ಮನೆಗಳ ಅಟ್ಟದಲ್ಲಿ ಯುದ್ಧಕಾಲದ ಪೂಲ್ ರಸೀದಿ, ಆಳುಗಳ ಚೆಕ್‌ರೋಲ್ (ಹಾಜರಿ ಪುಸ್ತಕ), ಅಕ್ಕಿ ಕೊಟ್ಟ ಪುಸ್ತಕ, ಕ್ವಿನೈನ್ ಹಂಚಿದ ಲೆಕ್ಕ ಇದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ, ಗುಜರಿಗೆ ಕೊಡಬೇಡಿ. ರಾಜ್ಯ ಪತ್ರಾಗಾರಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಂದು ಪ್ರತಿ ತಲುಪಿಸಿ. ಮಾಲೀಕರ ಹೆಸರಿಗಿಂತ ಆ ಪುಸ್ತಕಗಳಲ್ಲಿರುವ ಆಳುಗಳ ಹೆಸರು ಮುಖ್ಯ, ಅವು ಬೇರೆಲ್ಲೂ ಸಿಗುವುದಿಲ್ಲ.